ಗುಜರಿಯಿಂದ ತಂದ ಮಾರುತಿ ಫ್ಯಾನನ್ನು 1974ರ ಅಂಬಾಸಿಡರ್‌ಗೆ ಅಳವಡಿಸಬಹುದೇ?

ಪ್ರಶ್ನೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ತಂದೆಯವರು ಓಡಿಸುತ್ತಿದ್ದ 1974ರ ಪೆಟ್ರೋಲ್ ಅಂಬಾಸಿಡರ್ ಈಗ ನನ್ನ ಬಳಿ ಇದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಹಿಂದೆ ಹತ್ತು ನಿಮಿಷ ತೆವಳಿದರೆ ಸಾಕು, ಟೆಂಪರೇಚರ್ ಮುಳ್ಳು ಕೆಂಪು ಗೆರೆಯನ್ನು ಮುಟ್ಟುತ್ತದೆ. ರಸ್ತೆ ತೆರವಾಗಿ ಕಾರು ವೇಗ ಪಡೆದ ಕೂಡಲೇ ತಾನಾಗಿ ಇಳಿಯುತ್ತದೆ. ಆದ್ದರಿಂದ ಬೆಲ್ಟಿನಿಂದ ತಿರುಗುವ ಮೂಲ ಫ್ಯಾನನ್ನು ತೆಗೆದು, ಗುಜರಿ ಅಂಗಡಿಯಲ್ಲಿ ಸಿಕ್ಕ ಮಾರುತಿ 800ರ ಎಲೆಕ್ಟ್ರಿಕ್ ಫ್ಯಾನನ್ನು ಕೂರಿಸಬೇಕೆಂದಿದ್ದೇನೆ. ರೇಡಿಯೇಟರಿನ ಫಿನ್‌ಗಳ (ತೆಳು ಲೋಹದ ಪಟ್ಟಿಗಳ) ನಡುವೆ ಪ್ಲಾಸ್ಟಿಕ್ ಟ್ಯಾಗ್ ತೂರಿಸಿ ಕಟ್ಟಿದರೆ ಸಾಕೆಂದು ಪರಿಚಿತ ಮೆಕ್ಯಾನಿಕ್ ಹೇಳುತ್ತಾರೆ. ಬ್ಯಾಟರಿ ಚಾರ್ಜ್ ಮಾಡಲು ಕಾರಿನಲ್ಲಿ ಇನ್ನೂ ಹಳೆಯ ಡೈನಮೋ ಇದೆ. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮೈಸೂರು)

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಬಂದ ಡೈನಮೋ ವಿಷಯವೇ ಇಲ್ಲಿ ಮೊದಲು ಯೋಚಿಸಬೇಕಾದದ್ದು. ಆ ಕಾಲದ ಡೈನಮೋ ವೇಗದಲ್ಲಿ ಸುಮಾರು 22 ಆಂಪಿಯರ್ ಕೊಡುತ್ತದೆಯಾದರೂ ಕಾರು ನಿಂತು ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ, ಮತ್ತು ಎಲೆಕ್ಟ್ರಿಕ್ ಫ್ಯಾನ್ ನಿಮಗೆ ಬೇಕಾಗುವುದು ಸರಿಯಾಗಿ ಅದೇ ಹೊತ್ತಿನಲ್ಲಿ. ರಾತ್ರಿ ಹೆಡ್‌ಲೈಟ್ ಉರಿಯುತ್ತಿರುವಾಗ ಟ್ರ್ಯಾಕ್ಟರ್ ಸಾಲಿನ ಹಿಂದೆ ನಿಂತರೆ ಫ್ಯಾನು, ದೀಪ, ಇಗ್ನಿಷನ್ ಮೂರೂ ಬ್ಯಾಟರಿಯನ್ನೇ ತಿನ್ನುತ್ತವೆ. ಆದ್ದರಿಂದ ಮೊದಲು ಡೈನಮೋ ಬದಲು ಐಡ್ಲಿಂಗ್‌ನಲ್ಲೂ ಕರೆಂಟ್ ಕೊಡುವ ಆಲ್ಟರ್ನೇಟರ್, ಆಮೇಲೆ ಫ್ಯಾನ್ ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಟರಿಯ ಯಾವ ತುದಿ ಕಾರಿನ ಲೋಹದ ಮೈಗೆ ಜೋಡಿಸಿ ಅರ್ಥ್ ಆಗಿದೆಯೆಂಬುದನ್ನೂ ನೋಡಿಕೊಳ್ಳಿ. ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಪಾಸಿಟಿವ್ ಅರ್ಥ್ ಇರುವುದುಂಟು, ಸಾಮಾನ್ಯ ಆಲ್ಟರ್ನೇಟರಿಗೆ ಅದು ಒಗ್ಗುವುದಿಲ್ಲ.

ಉತ್ತರ 2 (ಮೈಸೂರು)

ಟ್ಯಾಗ್ ತೂರಿಸಿ ಕಟ್ಟುವ ಮಾತಿಗೆ ದಯವಿಟ್ಟು ಒಪ್ಪಬೇಡಿ. ಅದುರಾಟಕ್ಕೆ ಟ್ಯಾಗ್ ಉಜ್ಜಿ ಉಜ್ಜಿ ರೇಡಿಯೇಟರಿನ ತೆಳುವಾದ ಟ್ಯೂಬ್ ತೂತಾಗುತ್ತದೆ. ಎರಡು ಪಟ್ಟಿ ಕಬ್ಬಿಣವನ್ನು ರೇಡಿಯೇಟರಿನ ಪಕ್ಕದ ಚೌಕಟ್ಟಿಗೆ ಬೋಲ್ಟ್ ಮಾಡಿ, ಫ್ಯಾನನ್ನು ಅದರ ಮೂಲ ಶ್ರೌಡ್ (ಸುತ್ತಲಿನ ಕವಚ) ಸಮೇತ ಅವುಗಳ ಮೇಲೆ ಕೂರಿಸಿ. ಮಾರುತಿಯ ಫ್ಯಾನ್ ರೇಡಿಯೇಟರಿನ ಎಂಜಿನ್ ಕಡೆ ಕೂತು ಗಾಳಿಯನ್ನು ತನ್ನತ್ತ ಎಳೆಯುವಂಥದ್ದು. ಗ್ರಿಲ್ ಕಡೆಯಿಂದ ರೇಡಿಯೇಟರಿಗೆ ವೃತ್ತಪತ್ರಿಕೆಯ ಹಾಳೆ ಹಿಡಿದಾಗ ಅದು ಅಂಟಿಕೊಂಡರೆ ದಿಕ್ಕು ಸರಿಯಿದೆ, ಹಾರಿಬಂದರೆ ವೈರುಗಳು ಅದಲುಬದಲಾಗಿವೆ.

ವೈರಿಂಗಿನಲ್ಲಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಕಡ್ಡಾಯ. ಬ್ಯಾಟರಿಯಿಂದ 20 ಆಂಪಿಯರ್ ಫ್ಯೂಸ್ ಮೂಲಕ ರಿಲೇಯ 30ನೇ ಪಿನ್ನಿಗೆ, 87ರಿಂದ ಫ್ಯಾನಿಗೆ 2.5 ಚದರ ಮಿ.ಮೀ. ವೈರ್ ಎಳೆಯಿರಿ. 86ಕ್ಕೆ ಇಗ್ನಿಷನ್ ಕರೆಂಟ್ ಕೊಟ್ಟು, 85ನ್ನು ನೀರು ಬಿಸಿಯಾದಾಗ ತಾನಾಗಿ ಆನ್ ಆಗುವ ಥರ್ಮೋ ಸ್ವಿಚ್ ಮೂಲಕ ಅರ್ಥ್ ಮಾಡಿ. ಸ್ವಿಚ್ಚನ್ನು ಮೇಲಿನ ಹೋಸ್ ಪೈಪಿನ ನಡುವೆ ಲೋಹದ ಅಡಾಪ್ಟರ್ ಹಾಕಿ ಕೂರಿಸುವುದಾದರೆ ಆ ಅಡಾಪ್ಟರಿಗೆ ಪ್ರತ್ಯೇಕ ಅರ್ಥ್ ವೈರ್ ಬೇಕು. ಎರಡೂ ಕಡೆ ರಬ್ಬರ್ ಇರುವುದರಿಂದ ಅದಿಲ್ಲದೆ ಒಂಟಿ ಪಿನ್ನಿನ ಸ್ವಿಚ್ ಕೆಲಸ ಮಾಡುವುದಿಲ್ಲ. ನಾನು ಇದನ್ನು ಮರೆತು ಎರಡು ದಿನ ತಲೆಕೆಡಿಸಿಕೊಂಡಿದ್ದೆ. ಹಳೆಯ ಫ್ಯಾನ್ ತೆಗೆದರೂ ಬೆಲ್ಟ್ ಇರಲೇಬೇಕು, ವಾಟರ್ ಪಂಪ್ ತಿರುಗುವುದು ಅದರಿಂದಲೇ.

ಉತ್ತರ 3 (ಶ್ರೀರಂಗಪಟ್ಟಣ)

ಮೂಲ ಫ್ಯಾನಿನಿಂದಲೇ ಆ ಕಾರು ಇಷ್ಟು ವರ್ಷ ತಣ್ಣಗೆ ಓಡಿತ್ತಲ್ಲವೇ? ಬೆಲ್ಟ್ ಸಡಿಲವಾಗಿದೆಯೇ, ರೇಡಿಯೇಟರಿನಲ್ಲಿ ಹಿಟ್ಟು ಕಟ್ಟಿದೆಯೇ ಎಂದು ಮೊದಲು ನೋಡಿ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಟ್ಯೂಬುಗಳ ಒಳಗೆ ಸುಣ್ಣದಂತೆ ಕೂರುತ್ತದೆ. ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಮೈಸೂರಿನಲ್ಲಿ ತೆರೆದ ಪಾತ್ರೆಯ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಒಳಗಿನ ಒತ್ತಡ ಹಿಡಿದಿಟ್ಟು ನೀರು ಬೇಗ ಕುದಿಯದಂತೆ ಮಾಡುವ ರೇಡಿಯೇಟರ್ ಕ್ಯಾಪಿನ ವಾಷರ್ ಹೋಗಿದ್ದರೆ ನಿಮ್ಮ ಕಾರಿಗೂ ಅಷ್ಟೇ ಮಿತಿ. ಹೊಸ ಕ್ಯಾಪ್ ಹಾಕಿ, ಡಿಸ್ಟಿಲ್ಡ್ ನೀರಿನಲ್ಲಿ ಕೂಲಂಟ್ ಬೆರೆಸಿ ತುಂಬಿಸಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ರೇಡಿಯೇಟರ್ ಬಿಚ್ಚಿಸಿ ನೋಡಿದಾಗ ಕೆಳಭಾಗದ ಟ್ಯೂಬುಗಳಲ್ಲಿ ಬಿಳಿ ಹಿಟ್ಟು ಗಟ್ಟಿಯಾಗಿ ಕೂತಿತ್ತು. ರಾಡ್ ಹೊಡೆಸಿ (ಟ್ಯೂಬುಗಳೊಳಗೆ ಕಂಬಿ ತೂರಿಸಿ ಶುಚಿ ಮಾಡಿಸಿ), ಕ್ಯಾಪ್ ಬದಲಿಸಿ, ಹಳೆಯ ಫ್ಯಾನನ್ನೇ ಉಳಿಸಿಕೊಂಡು ನಿನ್ನೆ ಟ್ರ್ಯಾಕ್ಟರುಗಳ ಹಿಂದೆ ಅರ್ಧ ಗಂಟೆ ಬಂದೆ. ಮುಳ್ಳು ಮುಕ್ಕಾಲು ದಾಟಲಿಲ್ಲ. ಮಾರುತಿ ಫ್ಯಾನನ್ನು ಆಲ್ಟರ್ನೇಟರ್ ಹಾಕಿಸುವವರೆಗೆ ಎತ್ತಿಟ್ಟಿದ್ದೇನೆ.