ನಾಲ್ಕು ಬಾಡಿಗೆ ಫ್ಲ್ಯಾಟ್: ಶೇ. 8ರ ಕಂಪನಿಗೆ ಕೊಡಲೋ, ಶೇ. 10ರವರಿಗೋ?

ಪ್ರಶ್ನೆ
ಬಾಡಿಗೆಗೆಂದೇ ಕೊಂಡಿರುವ ನಾಲ್ಕು ಫ್ಲ್ಯಾಟ್‌ಗಳನ್ನು ನೋಡಿಕೊಳ್ಳಲು ಕಂಪನಿಗೆ ವಹಿಸಬೇಕೆಂದಿದ್ದೇನೆ. ಎರಡು ಕಡೆಯಿಂದ ಕರಾರಿನ ಕರಡು ಬಂದಿದೆ. ಒಬ್ಬರದು ತಿಂಗಳ ಬಾಡಿಗೆಯಲ್ಲಿ ಶೇ. 8, ಹೊಸ ಬಾಡಿಗೆದಾರರನ್ನು ತಂದಾಗ ಒಂದು ತಿಂಗಳ ಬಾಡಿಗೆ, ಪ್ರತಿ ವರ್ಷದ ನವೀಕರಣಕ್ಕೆ ಕಾಲು ತಿಂಗಳದು. ಇನ್ನೊಬ್ಬರದು ಶೇ. 10, ಹೊಸಬರಿಗೆ ಅರ್ಧ ತಿಂಗಳದು, ನವೀಕರಣ ಉಚಿತ. ಮೊದಲನೆಯವರದೇ ಅಗ್ಗ ತಾನೇ? ಸಹಿ ಹಾಕುವ ಮುಂಚೆ ಇನ್ನೇನು ನೋಡಬೇಕು?

ಉತ್ತರ 1
ಅಗ್ಗವಲ್ಲ. ತಿಂಗಳ ಬಾಡಿಗೆ 1 ಎಂದಿಟ್ಟುಕೊಂಡು ಒಂದು ಫ್ಲ್ಯಾಟಿನ ಲೆಕ್ಕ ಹಾಕಿ. ಬಾಡಿಗೆದಾರರು ವರ್ಷಕ್ಕೇ ಬಿಟ್ಟರೆ ಮೊದಲನೆಯವರಿಗೆ 0.96 + 1 = 1.96 ಹೋಗುತ್ತದೆ, ಎರಡನೆಯವರಿಗೆ 1.2 + 0.5 = 1.7. ಮೂರು ವರ್ಷ ಉಳಿದರೂ 2.88ಕ್ಕೆ 1 ಮತ್ತು ಎರಡು ನವೀಕರಣದ 0.5 ಸೇರಿ 4.38, ಎರಡನೆಯವರದು 4.1. ನವೀಕರಣ ಶುಲ್ಕ ತೆಗೆಸಿದರೆ ಮಾತ್ರ 3.88ಕ್ಕಿಳಿದು ಮೊದಲನೆಯವರು ಅಗ್ಗವಾಗುತ್ತಾರೆ. ಚೌಕಾಸಿ ಮಾಡುವುದಿದ್ದರೆ ಅಲ್ಲಿ ಮಾಡಿ.

ಮನೆ ಖಾಲಿಯಾದಾಗಲೆಲ್ಲ ಪೂರ್ತಿ ತಿಂಗಳ ಬಾಡಿಗೆ ಸಿಗುವುದಾದರೆ ಇರುವವರನ್ನು ಉಳಿಸಿಕೊಳ್ಳುವ ಆಸ್ಥೆ ಕಂಪನಿಗೆ ಕಡಿಮೆಯಾಗುತ್ತದೆ. ಆರು ತಿಂಗಳೊಳಗೆ ಬಿಟ್ಟರೆ ಮುಂದಿನವರನ್ನು ಶುಲ್ಕವಿಲ್ಲದೆ ತರಬೇಕೆಂಬ ಸಾಲು ಸೇರಿಸಿ. ಶೇಕಡ ಲೆಕ್ಕ 'ವಸೂಲಾದ ಬಾಡಿಗೆ'ಯ ಮೇಲಿರಲಿ. 'ನಿಗದಿತ ಬಾಡಿಗೆ' ಎಂದಿದ್ದರೆ ಬಾಡಿಗೆ ಬಾರದ ತಿಂಗಳೂ ಅವರ ಪಾಲು ಕೊಡುತ್ತೀರಿ.

ಉತ್ತರ 2
ನಿಜವಾಗಿ ದುಡ್ಡು ಸೋರುವುದು ರಿಪೇರಿಯಲ್ಲಿ. ನಿಮ್ಮನ್ನು ಕೇಳದೆ ಎಷ್ಟರವರೆಗೆ ಖರ್ಚು ಮಾಡಬಹುದೆಂಬ ಮಿತಿ ಕರಾರಿನಲ್ಲಿರುತ್ತದೆ. ಅದು ಬಿಲ್ಲಿಗಲ್ಲ, ಕೆಲಸಕ್ಕೆ ಅನ್ವಯಿಸಬೇಕು. ಇಲ್ಲದಿದ್ದರೆ ಒಂದೇ ಕೆಲಸಕ್ಕೆ ಎರಡು ಬಿಲ್ ಮಾಡಿ ಮಿತಿಯೊಳಗೆ ತರುತ್ತಾರೆ. ಹಾಗೆಂದು ಮಿತಿಯನ್ನು ತೀರಾ ಕೆಳಗಿಡಬೇಡಿ. ಸ್ನಾನದಮನೆ ಪೈಪು ಜಿನುಗುತ್ತಿರುವಾಗ ನಿಮ್ಮ ಒಪ್ಪಿಗೆಗೆ ಎರಡು ದಿನ ಕಾದರೆ ಕೆಳಮನೆಯ ಚಾವಣಿಯನ್ನೂ ನೀವೇ ಸರಿಮಾಡಿಸಬೇಕಾಗುತ್ತದೆ. ಪೈಪು ಒಡೆದಾಗ, ಗ್ಯಾಸ್ ಸೋರಿದಾಗ, ಶಾರ್ಟ್ ಸರ್ಕ್ಯೂಟ್ ಆದಾಗ ಕೇಳದೆಯೇ ಕೆಲಸ ಮಾಡಿಸಲಿ, ಅದೇ ದಿನ ತಿಳಿಸಲಿ.

ಬಿಲ್ಲಿನಲ್ಲಿ 'ಪ್ಲಂಬಿಂಗ್ ಕೆಲಸ' ಎಂದಷ್ಟೇ ಇದ್ದರೆ ಬದಲಿಸಿದ್ದು ವಾಷರೋ ಪೂರ್ತಿ ನಲ್ಲಿಯೋ ಗೊತ್ತಾಗುವುದಿಲ್ಲ. ಕೆಲಸಗಾರನ ಮೂಲ ಬಿಲ್, ಮುಂಚಿನ ಮತ್ತು ನಂತರದ ಫೋಟೋ, ಕಂಪನಿ ಮೇಲೆ ಸೇರಿಸುವ ಕಮಿಷನ್ ಎಷ್ಟೆಂಬುದು, ಮೂರನ್ನೂ ಬರೆಸಿಕೊಳ್ಳಿ.

ಬಾಡಿಗೆದಾರರ ಅಡ್ವಾನ್ಸ್ ಪ್ರತ್ಯೇಕ ಖಾತೆಯಲ್ಲಿರಬೇಕು. ಕಂಪನಿಯ ದಿನನಿತ್ಯದ ಖಾತೆಯಲ್ಲಿ ಬೆರೆತರೆ ಒಬ್ಬ ಮಾಲೀಕರ ಹಣದಲ್ಲಿ ಇನ್ನೊಬ್ಬರ ರಿಪೇರಿ ನಡೆಯುತ್ತದೆ, ಕಂಪನಿ ಮುಳುಗಿದರೆ ನಿಮ್ಮ ಹಣವೂ ಅದರೊಳಗೇ ಸಿಕ್ಕಿಬೀಳುತ್ತದೆ. ಹೆಸರು ಮುಚ್ಚಿದ ಒಂದು ಮಾಸಿಕ ಲೆಕ್ಕಪತ್ರ ಕೇಳಿ. ಕೊಡಲು ಹಿಂಜರಿಯುವವರನ್ನು ಅಲ್ಲಿಗೇ ಬಿಡಿ.

ಪ್ರಶ್ನೆ ಕೇಳಿದವರು
ಬಾಡಿಗೆದಾರರನ್ನು ಹೇಗೆ ಆರಿಸುತ್ತಾರೆಂದು ಕೇಳಿದ್ದಕ್ಕೆ ಇಬ್ಬರೂ 'ಪೂರ್ತಿ ಪರಿಶೀಲನೆ ಮಾಡುತ್ತೇವೆ' ಎಂದರು. ಅಷ್ಟು ಸಾಕೇ?

ಉತ್ತರ 3
ಸಾಲದು. ಏನೇನು ನೋಡುತ್ತಾರೆಂದು ಬರವಣಿಗೆಯಲ್ಲಿ ಕೊಡಲಿ: ಆದಾಯದ ದಾಖಲೆ, ಗುರುತಿನ ಪತ್ರ, ಹಿಂದಿನ ಮಾಲೀಕರ ಮಾತು. ಈಗಿನ ಮಾಲೀಕರನ್ನಷ್ಟೇ ಕೇಳಿದರೆ ಪ್ರಯೋಜನ ಕಡಿಮೆ. ಕಾಟ ಕೊಡುವವರನ್ನು ಸಾಗಹಾಕಲು ಅವರೇ ಹೊಗಳಿಬಿಡಬಹುದು. ಅದಕ್ಕೂ ಮುಂಚಿನ ಮಾಲೀಕರಿಗೆ ಫೋನ್ ಮಾಡುತ್ತಾರೆಯೇ ಕೇಳಿ.

ಮನೆ ಕೊಡುವ ದಿನ ಕೋಣೆ ಕೋಣೆಯ ಫೋಟೋ, ಮೀಟರ್ ರೀಡಿಂಗ್, ಬಾಡಿಗೆದಾರರ ಸಹಿ ಇರಬೇಕು. ಇಲ್ಲದಿದ್ದರೆ ಬಿಡುವಾಗ ಒಡೆದ ಟೈಲ್ಸ್‌ಗೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲು ಆಧಾರವೇ ಇರುವುದಿಲ್ಲ.

ಅವರ ಜಾಹೀರಾತಿನಲ್ಲಿರುವ ಖಾಲಿ ಮನೆಯೊಂದಕ್ಕೆ ಬಾಡಿಗೆದಾರರಂತೆ ಫೋನ್ ಮಾಡಿ ನೋಡಿ. ನಿಮ್ಮ ಫ್ಲ್ಯಾಟ್ ಕೇಳಿ ಬರುವವರಿಗೂ ಅದೇ ಉತ್ತರ ಸಿಗುತ್ತದೆ.

ಕೊನೆಗೆ ಕರಾರು ಮುರಿಯುವ ಷರತ್ತು. 30 ದಿನದ ನೋಟಿಸ್, ದಂಡವಿಲ್ಲ ಎಂದಿರಲಿ. ಕೆಲವು ಕರಡುಗಳಲ್ಲಿ 'ನಾವು ತಂದ ಬಾಡಿಗೆದಾರರು ಇರುವವರೆಗೂ ಶುಲ್ಕ ಸಲ್ಲಬೇಕು' ಎಂಬ ಸಾಲು ಒಳಗೆಲ್ಲೋ ಇರುತ್ತದೆ. ಅದನ್ನು ಹುಡುಕಿ ಹೊಡೆದುಹಾಕಿಸಿ. ಕೀಲಿ, ಮೂಲ ಬಾಡಿಗೆ ಕರಾರು, ಅಡ್ವಾನ್ಸ್, ಫೋಟೋಗಳನ್ನು ಎಷ್ಟು ದಿನದೊಳಗೆ ಹಿಂತಿರುಗಿಸಬೇಕೆಂದೂ ಅಲ್ಲೇ ಬರೆಸಿ.