ಸಿಪಿಯು 35% ಇದ್ದರೂ ಚಟಪಟ ಸದ್ದು ಯಾಕೆ?

ಪ್ರಶ್ನೆ: ಸರ್, ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಹಾಡು ರೆಕಾರ್ಡ್ ಮಾಡುತ್ತೇನೆ. ಟ್ರ್ಯಾಕ್ ಜಾಸ್ತಿ ಆದಂತೆ ಪ್ಲೇ ಮಾಡುವಾಗ ಚಟಪಟ ಸದ್ದು ಬರುತ್ತದೆ, ನಡುನಡುವೆ ಧ್ವನಿ ಕಟ್ ಆಗುತ್ತದೆ. ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು 35% ಮಾತ್ರ. ರ‍್ಯಾಮ್ ಹಾಕಿಸಲಾ?

ಉತ್ತರ: ಸುಮ್ನೆ ದುಡ್ಡು ಹಾಕಬೇಡಿ. ಮೊದಲು ಹಾಡನ್ನು ಎಕ್ಸ್‌ಪೋರ್ಟ್ ಮಾಡಿ ಆ ಫೈಲ್ ಕೇಳಿ. ಅದರಲ್ಲೂ ಸದ್ದು ಇದ್ದರೆ ರೆಕಾರ್ಡ್ ಮಾಡುವಾಗಲೇ ಸೇರಿಕೊಂಡಿದೆ, ಇಲ್ಲವೇ ಎಲ್ಲೋ ಲೆವೆಲ್ ಮೀರಿ ಕ್ಲಿಪ್ ಆಗಿ ಧ್ವನಿ ಒಡೆಯುತ್ತಿದೆ. ಫೈಲ್ ಸ್ವಚ್ಛವಾಗಿದ್ದರೆ, ಕಂಪ್ಯೂಟರ್ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುತ್ತಿಲ್ಲ ಎಂದರ್ಥ.

ಎಕ್ಸ್‌ಪೋರ್ಟ್‌ಗೆ ಅವಸರ ಇಲ್ಲ, ಪ್ಲೇ ಮಾಡುವಾಗ ಇದೆ. ಬಫರ್ ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಸಿದ್ಧ ಮಾಡುವ ಧ್ವನಿಯ ತುಂಡು. ಅದನ್ನು 128 ಸ್ಯಾಂಪಲ್ ಇಟ್ಟರೆ 44,100 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 44,100 ಸ್ಯಾಂಪಲ್) ಸುಮಾರು 2.9 ಮಿಲಿಸೆಕೆಂಡಿಗೊಮ್ಮೆ ಮುಂದಿನ ತುಂಡು ರೆಡಿ ಇರಲೇಬೇಕು. ಒಂದೇ ಸಲ ತಡವಾದರೂ ಚಟ್ ಅನ್ನುತ್ತದೆ. ನೀವು ನೋಡಿದ 35% ಪ್ರೊಸೆಸರ್ ಒಳಗಿನ ಎಲ್ಲಾ ಕೋರ್‌ಗಳ (ಕೆಲಸ ಮಾಡುವ ಘಟಕಗಳ) ಸರಾಸರಿ. ಒಂದೇ ಟ್ರ್ಯಾಕ್‌ನ ಪ್ಲಗಿನ್‌ಗಳು (ಎಫೆಕ್ಟ್ ಕೊಡುವ ಸಣ್ಣ ಸಾಫ್ಟ್‌ವೇರ್‌ಗಳು) ಒಂದಾದ ಮೇಲೊಂದು ನಡೆಯಬೇಕು, ಹಾಗಾಗಿ ಸಾಮಾನ್ಯವಾಗಿ ಅವೆಲ್ಲ ಒಂದೇ ಕೋರ್ ಮೇಲೆ ಬೀಳುತ್ತವೆ. ಉಳಿದ ಕೋರ್‌ಗಳು ಖಾಲಿ ಕೂತಿರುತ್ತವೆ! ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಸ್ವಂತ ಸಿಪಿಯು ಮೀಟರ್ ನೋಡಿ, ಅದೇ ನಿಜ ಹೇಳುತ್ತದೆ. ಮಿಕ್ಸ್ ಮಾಡುವಾಗ ಬಫರ್ 1024 ಇಡಿ.

ಪ್ರಶ್ನೆ: ಇಟ್ಟೆ ಸರ್, ಸದ್ದು ಹೋಯಿತು. ಆದರೆ ಈಗ ಹಾಡುವಾಗ ನನ್ನ ದನಿ ಹೆಡ್‌ಫೋನ್‌ಗೆ ತಡವಾಗಿ ಬರುತ್ತಿದೆ.

ಉತ್ತರ: ಬಂದೇ ಬರುತ್ತದೆ. 1024 ಅಂದರೆ 23 ಮಿಲಿಸೆಕೆಂಡ್. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಇನ್ನೊಮ್ಮೆ. ಹಾಡುವಾಗ ಬಫರ್ ಇಳಿಸಿ, ಭಾರದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ (ಎಫೆಕ್ಟ್ ಸಮೇತ ತಾತ್ಕಾಲಿಕ ಆಡಿಯೋ ಆಗಿಸಿ). ಮಾಸ್ಟರ್‌ನಲ್ಲಿರುವ (ಎಲ್ಲಾ ಟ್ರ್ಯಾಕ್ ಸೇರುವ ಕೊನೆಯ ಚಾನೆಲ್) ಲಿಮಿಟರ್, ಲೀನಿಯರ್ ಫೇಸ್ ಈಕ್ಯೂ ಪ್ಲಗಿನ್‌ಗಳನ್ನು ಆಫ್ ಮಾಡಿ. ಬಫರ್ ಎಷ್ಟೇ ಇಳಿಸಿದರೂ ಇವುಗಳ ತಡ ಹೋಗುವುದಿಲ್ಲ. ಆಡಿಯೋ ಇಂಟರ್‌ಫೇಸ್‌ನಲ್ಲಿ (ಮೈಕ್ ಜೋಡಿಸುವ ಪೆಟ್ಟಿಗೆ) ಡೈರೆಕ್ಟ್ ಮಾನಿಟರಿಂಗ್, ಅಂದರೆ ಕಂಪ್ಯೂಟರ್ ಸುತ್ತದೆ ದನಿ ನೇರ ಹೆಡ್‌ಫೋನ್‌ಗೆ ಬರುವ ಸೌಲಭ್ಯ ಇದ್ದರೆ ಅದೇ ಸುಲಭ, ಸಾಫ್ಟ್‌ವೇರ್‌ನ ಎಫೆಕ್ಟ್ ಮಾತ್ರ ಕೇಳಿಸುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ನನಗೆ ಒಂದೇ ಟ್ರ್ಯಾಕ್ ಇದ್ದರೂ, ಬಫರ್ 1024 ಇದ್ದರೂ ಸದ್ದು ಬರುತ್ತದಲ್ಲ?

ಉತ್ತರ: ನಿಮ್ಮ ಕಥೆ ಬೇರೆ. ಇಲ್ಲಿ ಪ್ಲಗಿನ್ ಮೇಲೆ ಅನುಮಾನ ಬೇಡ. ಯಾವುದೋ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಸಾಫ್ಟ್‌ವೇರ್) ಪ್ರೊಸೆಸರನ್ನು ಹಿಡಿದಿಟ್ಟುಕೊಳ್ಳುತ್ತಿರಬಹುದು. ವೈಫೈ ಆಫ್ ಮಾಡಿ ನೋಡಿ, ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ, ಚಾರ್ಜರ್ ಹಾಕಿರಿ. ಇಂಟರ್‌ಫೇಸನ್ನು ಹಬ್ ಬಿಟ್ಟು ನೇರ ಪೋರ್ಟ್‌ಗೆ ಸೇರಿಸಿ. ಅದರ ತಯಾರಕರೇ ಕೊಟ್ಟ ಎಎಸ್‌ಐಒ (ಧ್ವನಿಯ ತಡ ಕಡಿಮೆ ಮಾಡುವ) ಡ್ರೈವರ್ ಹಾಕಿದ್ದೀರಾ ಅಂತಲೂ ನೋಡಿ. ಆಗಲೂ ಹೋಗದಿದ್ದರೆ ಲೇಟೆನ್ಸಿಮಾನ್ ಎಂಬ, ಡ್ರೈವರ್‌ಗಳ ತಡ ಅಳೆಯುವ ಸಾಫ್ಟ್‌ವೇರ್ ಅನ್ನು ಸ್ವಲ್ಪ ಹೊತ್ತು ಓಡಿಸಿ, ಅತಿ ಹೆಚ್ಚು ಸಮಯ ತಿನ್ನುವ ಡ್ರೈವರ್ ಹೆಸರನ್ನು ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.