ಪದಚರ್ಚೆ: ‘ನರಕೋಶದ ಸೌಮ್ಯ ಗಡ್ಡೆ’ ಸರಿಯೇ?

ಗೆಳೆಯರೇ,

ಬಯಾಪ್ಸಿ ವರದಿಯ ಜೊತೆ ಕೊಡುವ ಕನ್ನಡ ಮಾಹಿತಿ ಹಾಳೆ ಸಿದ್ಧವಾಗುತ್ತಿದೆ. ಓದುವವರು ಹುಬ್ಬಳ್ಳಿ-ಧಾರವಾಡ, ಕುಂದಗೋಳ, ನವಲಗುಂದದ ಕಡೆಯವರು. ಶ್ವಾನೋಮಾ, ನ್ಯೂರೋಫೈಬ್ರೋಮಾ, ಪೆರಿನ್ಯೂರಿಯೋಮಾ, ಗ್ರ್ಯಾನ್ಯುಲರ್ ಸೆಲ್ ಟ್ಯೂಮರ್ ಎಂಬ ನರದ ಗಂಟುಗಳಿಗೆಲ್ಲ ‘ನರಕೋಶದ ಸೌಮ್ಯ ಗಡ್ಡೆ’ ಎಂದು ಬರೆಯಬಹುದೇ?

ಉತ್ತರ:

ಬೇಡ ಸರ್. ‘ಕೋಶ’ಕ್ಕೆ ಒರೆ ಎಂಬ ಹಳೆಯ ಅರ್ಥವಿದೆ, ಆದರೆ ಈಗ ‘ನರಕೋಶ’ ಎಂದರೆ ನ್ಯೂರಾನ್ (ನರದ ಜೀವಕಣ). ಈ ಗಂಟುಗಳು ಹುಟ್ಟುವುದು ನ್ಯೂರಾನಿನಿಂದಲ್ಲ, ನರದ ಎಳೆಗಳ ಹೊದಿಕೆಯಿಂದ. ಇಡೀ ಗುಂಪನ್ನು ಹೇಳುವಾಗ ‘ನರಪೊರೆಯ ಗಂಟು’ ಎನ್ನಿ. ನಮ್ಮ ಕಡೆ ಕಾಲಿನ ರಕ್ತನಾಳ ಉಬ್ಬಿದರೂ ‘ನರ ಉಬ್ಬ್ಯಾವ’ ಅಂತಾರ. ಹಾಗಾಗಿ ಮೊದಲ ಸಾಲಿನಲ್ಲೇ ‘ಮುಟ್ಟಿದ್ದು, ನೋವು ತಿಳಿಸುವ ನರ’ ಎಂದು ಬಿಡಿಸಿ ಹೇಳಬೇಕು.

‘ಸೌಮ್ಯ’ ಎಂದರೆ ಸಣ್ಣ ಪ್ರಮಾಣದ ಕ್ಯಾನ್ಸರ್ ಎಂದುಕೊಳ್ಳುವವರಿದ್ದಾರೆ. ನೇರವಾಗಿ ‘ಕ್ಯಾನ್ಸರ್ ಅಲ್ಲದ’ ಎನ್ನಿ. ‘ನಿರುಪದ್ರವಿ’ಯೂ ಸಲ್ಲದು: ಒಳಗಿವಿಯಿಂದ ಮಿದುಳಿಗೆ ಹೋಗುವ ನರದ ಶ್ವಾನೋಮಾ ಕ್ಯಾನ್ಸರ್ ಅಲ್ಲ, ಆದರೂ ಕಿವಿ ಮಂದವಾಗುತ್ತದೆ.

ಎಲ್ಲಕ್ಕೂ ಒಂದೇ ಹೆಸರು ಇಡುವುದಕ್ಕೆ ನನ್ನ ಬಲವಾದ ವಿರೋಧವಿದೆ. ಶ್ವಾನೋಮಾ ಸಾಮಾನ್ಯವಾಗಿ ನರದ ಒಂದು ಬದಿಗೆ ಬೆಳೆಯುತ್ತದೆ; ಅನೇಕ ಸಲ ನರ ಉಳಿಸಿ ಗಂಟನ್ನಷ್ಟೇ ಬಿಡಿಸಿ ತೆಗೆಯಬಹುದು. ನ್ಯೂರೋಫೈಬ್ರೋಮಾದಲ್ಲಿ ನರದ ಎಳೆಗಳು ಗಂಟಿನೊಳಗೇ ಹಾದಿರುತ್ತವೆ, ದೊಡ್ಡ ನರದ್ದಾದರೆ ಕತ್ತರಿಸುವಾಗ ಸ್ಪರ್ಶವೋ ಬಲವೋ ಹೋಗಬಹುದು. ಅಂಥ ಗಂಟು ಹಲವಿದ್ದರೆ ವಂಶವಾಹಿ ಕಾಯಿಲೆ ಎನ್ಎಫ್-1 (ನ್ಯೂರೋಫೈಬ್ರೋಮಟೋಸಿಸ್) ಇದೆಯೇ ಎಂದು ನೋಡಬೇಕು.

ಪೆರಿನ್ಯೂರಿಯಂ ಎಂದರೆ ನರದೊಳಗಿನ ಎಳೆಗಳ ಪ್ರತಿ ಕಟ್ಟನ್ನೂ ಸುತ್ತಿದ ಪೊರೆ. ಆದ್ದರಿಂದ ಪೆರಿನ್ಯೂರಿಯೋಮಾಕ್ಕೆ ‘ಕಟ್ಟುಪೊರೆಯ ಗಂಟು’ ಒಪ್ಪುತ್ತದೆ. ಇದು ಚರ್ಮದಲ್ಲೂ ಬರುತ್ತದೆ, ದೊಡ್ಡ ಕರುಳಿನಲ್ಲಿ ಸಣ್ಣ ಪಾಲಿಪ್ (ಒಳಪದರದ ಉಬ್ಬು) ಆಗಿಯೂ ಸಿಗುತ್ತದೆ. ಪ್ರಯೋಗಾಲಯದಲ್ಲಿ ಜೀವಕಣದ ಪ್ರೋಟೀನ್ ಗುರುತಿಸುವ ಬಣ್ಣಗಳನ್ನು ಹಾಕಿದಾಗ ಇದು ಸಾಮಾನ್ಯವಾಗಿ ಇಎಂಎ ಬಣ್ಣ ಹಿಡಿಯುತ್ತದೆ, ಎಸ್-100 ಬಣ್ಣ ಹಿಡಿಯುವುದಿಲ್ಲ. ಶ್ವಾನೋಮಾ ಎಸ್-100ಕ್ಕೆ ಗಾಢವಾಗಿ ಹಿಡಿಯುತ್ತದೆ. ತೊಡಕೆಂದರೆ, ಇಎಂಎ ಬಣ್ಣ ಹಲವು ಸಲ ತೀರ ತೆಳುವಾಗಿ ಬಂದು ಕಣ್ತಪ್ಪುತ್ತದೆ. ಆಗ ಕ್ಲಾಡಿನ್-1, ಗ್ಲುಟ್-1 ಎಂಬ ಇನ್ನೆರಡು ಬಣ್ಣಗಳು ನೆರವಿಗೆ ಬರುತ್ತವೆ. ಜಠರದ ಶ್ವಾನೋಮಾವನ್ನು ಸ್ಕ್ಯಾನ್‌ನಲ್ಲಿ ನೋಡಿ ಜಿಸ್ಟ್ (ಜಠರ-ಕರುಳಿನ ಗೋಡೆಯ ಬೇರೊಂದು ಬಗೆಯ ಗಡ್ಡೆ) ಎಂದುಕೊಳ್ಳುವುದುಂಟು. ಜಿಸ್ಟ್ ಗುರುತಿಸುವ ಬಣ್ಣಗಳಾದ ಸಿಡಿ-117, ಡಾಗ್-1 ಎರಡೂ ಇಲ್ಲದೆ ಎಸ್-100 ಇದ್ದರೆ ಅದು ಶ್ವಾನೋಮಾದ ಕಡೆಗೆ ವಾಲುತ್ತದೆ.

ಗ್ರ್ಯಾನ್ಯುಲರ್ ಸೆಲ್ ಟ್ಯೂಮರ್ ಹೆಚ್ಚಾಗಿ ನಾಲಿಗೆಯಲ್ಲಿ. ಅದರ ಮೇಲಿನ ಪದರ ದಪ್ಪವಾಗಿ ಒಳಕ್ಕೆ ಬೆಳೆಯುವುದರಿಂದ, ಮೇಲ್ಮೇಲೆ ತುಣುಕು ತೆಗೆದರೆ ಸ್ಕ್ವಾಮಸ್ (ಮೇಲ್ಪದರದ) ಕ್ಯಾನ್ಸರ್ ಎಂದು ತಪ್ಪು ವರದಿ ಬಂದೀತು. ಇದರ ಜೀವಕಣಗಳೊಳಗೆ ಕಾಳುಕಾಳಾಗಿ ಕಾಣುವುದರಿಂದ ‘ಕಾಳುಕಣದ ಗಂಟು’ ಎನ್ನಬಹುದು.

ಕನ್ನಡ ಹೆಸರಿನ ಪಕ್ಕ ವರದಿಯಲ್ಲಿರುವ ಮೂಲ ಹೆಸರನ್ನೂ ಕನ್ನಡ ಅಕ್ಷರದಲ್ಲಿ ಇಡಿ. ರೋಗಿ ಬೇರೆ ಆಸ್ಪತ್ರೆಗೆ ಹೋದಾಗ ಆ ಹೆಸರನ್ನೇ ಹೇಳಬೇಕಾಗುತ್ತದೆ.